ಹೊಸ್ತಿಲಿನ ಕೆಮ್ಮು

ವಯಸ್ಸಾದದ್ದನ್ನು ಮೊದಲು ಹೇಳುವುದು ಕನ್ನಡಿ ಎನ್ನುತ್ತಾರೆ. ಶುದ್ಧ ಸುಳ್ಳು. ಕನ್ನಡಿಯ ಮುಂದೆ ಮನುಷ್ಯ ಹೊಟ್ಟೆ ಒಳಗೆಳೆದು, ಟೊಪ್ಪಿಗೆ ಸರಿಮಾಡಿಕೊಂಡೇ ನಿಲ್ಲುತ್ತಾನೆ. ನನ್ನ ಮುಪ್ಪನ್ನು ನನಗೆ ತಿಳಿಸಿದ್ದು ನನ್ನ ಕೆಮ್ಮು. ರೋಗದ ಕೆಮ್ಮಲ್ಲ, ಗಂಟಲು ಗಟ್ಟಿಯಾಗಿಯೇ ಇದೆ. ಇದು ಮನೆತನದ ಕೆಮ್ಮು.

ಇಚಲಕರಂಜಿಯ ನಮ್ಮ ಓಣಿಯಲ್ಲಿ ಮನೆಯ ಹಿರಿಯ ಕೆಮ್ಮದೆ ಹೊಸ್ತಿಲು ದಾಟುವುದಿಲ್ಲ. ಕೆಮ್ಮು ಕೇಳಿದೊಡನೆ ಸೊಸೆ ಎದ್ದು ಸೆರಗು ತಲೆಗೆಳೆಯಬೇಕು, ಮಗ ಬೀಡಿ ಆರಿಸಬೇಕು. ಅಪ್ಪನ ಕೆಮ್ಮಿಗಂತೂ ಪಕ್ಕದ ಮನೆಯ ಹೆಂಗಸರೂ ಎದ್ದು ನಿಲ್ಲುತ್ತಿದ್ದರು. ಅಪ್ಪ ಹೋದರು, ಗಾದಿ ನನಗೆ ಬಂತು. ಮೊದಮೊದಲು ಭಾರಿ ಹೆಮ್ಮೆ. ಆಮೇಲೆ ಗೊತ್ತಾಯಿತು, ಕೆಮ್ಮಿದವನಿಗೆ ಸಿಗುವುದು ಮೌನ ಮತ್ತು ಚಹಾ ಮಾತ್ರ. ಹಗಲೆಲ್ಲ ಪವರ್‌ಲೂಮಿನ ಖಟಖಟ ಕೇಳಿ ಬಂದವನಿಗೆ ಮನುಷ್ಯರ ದನಿ ಬೇಡವೇ? ಓಣಿಯ ತಿರುವಿನವರೆಗೂ ಕೇಳಿಸುವ ಮನೆಯ ನಗು ನಾನು ಕೆಮ್ಮಿದೊಡನೆ ಸಾಯುತ್ತದೆ. ಇವರು ಏತಕ್ಕೆ ನಗುತ್ತಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೊಟ್ಟೆ ಉರಿಯುತ್ತದೆ.

ಮಗ ಮುಂಬೈಯ ಗೆಳೆಯನಿಂದ ಟೇಪ್ ರೆಕಾರ್ಡರ್ ತಂದ ಮೇಲೆ ನಗು ಇಮ್ಮಡಿಯಾಯಿತು. ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ, ಮೇಲೆ ಎರಡು ಚಕ್ರ. ನನ್ನ ಹೆಂಡತಿ ಅದಕ್ಕೆ ಬೀಸುವ ಹಾಡು ಹೇಳಿದಳಂತೆ. ನನ್ನನ್ನು ಯಾರೂ ಕರೆಯಲಿಲ್ಲ. ಒಂದು ಸಂಜೆ ತಡೆಯಲಾರದೆ, ಕೆಮ್ಮದೆ, ಹಿತ್ತಲ ಬಾಗಿಲಿನಿಂದ ಕಳ್ಳನ ಹಾಗೆ ಒಳಗೆ ಬಂದು ಅಡಿಗೆಮನೆಯ ಗೋಡೆಗೆ ಟೊಪ್ಪಿಗೆ ತಾಗುವಂತೆ ಒರಗಿ ನಿಂತೆ. ಆಚೆ ಪಡಸಾಲೆಯಲ್ಲಿ ನಗುವೋ ನಗು. ನಾನೂ ಒಂದು ಬೀಡಿ ಹಚ್ಚಿಕೊಂಡು ಸದ್ದಿಲ್ಲದೆ ನಕ್ಕೆ.

ಅಷ್ಟರಲ್ಲಿ ಪಡಸಾಲೆಯಿಂದ ಕೆಮ್ಮು ಕೇಳಿಸಿತು.

ಅಪ್ಪ! ಬೀಡಿಯನ್ನು ಕಾಲಡಿ ಹೊಸಕಿದೆ, ಟೊಪ್ಪಿಗೆ ಸರಿಮಾಡಿಕೊಂಡೆ, ಕೈಕಟ್ಟಿ ನೆಟ್ಟಗೆ ನಿಂತೆ. ಅಪ್ಪನನ್ನು ನಾನೇ ಮಣ್ಣು ಮಾಡಿ ಬಂದಿದ್ದೇನೆಂಬುದು ಆಮೇಲೆ ನೆನಪಾಯಿತು.

ಪಡಸಾಲೆಯಲ್ಲಿ ಮತ್ತೆ ನಗು ಸಿಡಿಯಿತು. "ಅಯ್ಯ, ಖರೇನ ಬಂದ್ರಂತ ಎದ್ದ ನಿಂತ್ನಿ ನೋಡ್ರಿ ಅತ್ತಿ! ಹುಬೇಹೂಬ, ಥೇಟ ಮಾವಾರ ಕೆಮ್ಮ!" ಎಂದಳು ಸೊಸೆ.

"ನಿನ್ನೆ ಬಾಗಲದ ಹಿಂದ ಮಷಿನ್ ಇಟ್ಟ ಹಿಡದೇನಿ," ಎಂದ ಮಗ.

ಹೆಂಡತಿ ಮಗನಿಗೆ ಹೇಳಿದಳು: "ಅಳಸಬ್ಯಾಡೋ ತಮ್ಮಾ. ನಾಳೆ ಅವರು ಹ್ವಾದ ಮ್ಯಾಲೆ ಇದನ್ನ ಹಚ್ಚಿದ್ರ ಸಾಕು, ಮನಿ ಶಿಸ್ತಿನ್ಯಾಗ ಇರತೈತಿ. ಇದಕ್ಕ ಚಹಾನೂ ಬ್ಯಾಡ."

ನಾನು ಯಾವಾಗ ನನ್ನಪ್ಪನಾದೆನೋ ನನಗೇ ತಿಳಿಯದು. ನಾನು ಸತ್ತ ಮೇಲಿನ ವ್ಯವಸ್ಥೆಯೂ ಆಗಲೇ ಮುಗಿದಿತ್ತು. ಇಂಥವರಿಗಾಗಿ ಗಂಟಲು ಹರಿದುಕೊಂಡೆನಲ್ಲ! ಹಿತ್ತಲಿನಿಂದಲೇ ಹೊರಬಿದ್ದು, ಮನೆ ಸುತ್ತಿ ಮುಂಬಾಗಿಲಿಗೆ ಬಂದು, ಸಿಟ್ಟನ್ನೆಲ್ಲ ಸೇರಿಸಿ ಕೆಮ್ಮಿದೆ.

"ಸಾಕ ಬಿಡ್ರಿ, ಮತ್ಯಾಕ ಹಚ್ಚೀರಿ?" ಸೊಸೆ ನಗುತ್ತಲೇ ಗಂಡನಿಗೆ ಹೇಳಿದಳು.

"ನಾ ಎಲ್ಲಿ ಹಚ್ಚೇನಿ? ಚಕ್ರ ನಿಂತೈತಿ."

ಆಮೇಲೆ ಯಾರೂ ನಗಲಿಲ್ಲ.

ಒಳಗೆ ಹೋದರೆ ಪೆಟ್ಟಿಗೆಗೂ ಸೆರಗಿನಂತೆ ಬಟ್ಟೆ ಹೊದಿಸಿದ್ದರು. "ಏನ ನಡದಿತ್ತು?" ಎಂದೆ. "ಏನಿಲ್ರಿ," ಎಂದಳು ಹೆಂಡತಿ. ಚಹಾ ಬಂತು. ಅಪ್ಪ ಕೂರುತ್ತಿದ್ದ ಜಾಗದಲ್ಲೇ ಒಬ್ಬನೇ ಕೂತು ಕುಡಿದೆ. ಅಪ್ಪನಿಗೆ ನಗು ಕಂಡರೆ ಆಗುವುದಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು.

ಅಂದು ನಾನು ಒರಗಿ ನಿಂತ ಅಡಿಗೆಮನೆಯ ಗೋಡೆಯ ಮೇಲೆ, ಅಪ್ಪನ ಕಾಲದಲ್ಲಿ, ಟೊಪ್ಪಿಗೆಯ ಎತ್ತರಕ್ಕೆ ಒಂದು ಎಣ್ಣೆಜಿಡ್ಡಿನ ಕಲೆ ಇತ್ತು. ಅದು ಹೇಗಾಯಿತೆಂದು ಯಾರಿಗೂ ತಿಳಿದಿರಲಿಲ್ಲ. ಅವರು ಹೋದ ಮೇಲೆ ನಾನೇ ಸುಣ್ಣ ಹೊಡೆಸಿದ್ದೆ. ಈಚೆಗೆ ಅದೇ ಜಾಗದಲ್ಲಿ ಮತ್ತೆ ಕಲೆ ಮೂಡಿದೆ. ಸುಣ್ಣ ಕಳಪೆಯದು ಎಂದು ಹೆಂಡತಿ ಬೈಯುತ್ತಾಳೆ. ನಾನೂ ಹೌದೆಂದು ತಲೆಯಾಡಿಸುತ್ತೇನೆ.