ಗ್ರೀಕ್ ಸಾಹೇಬರ ಊರಿನ ಸತ್ತವರು

ನಮ್ಮ ಕಾಪು ಕಡೆ ಭೂತ ಎಂದರೆ ದೈವ, ಅದಕ್ಕೆ ಕೈಮುಗಿಯುತ್ತೇವೆ. ಹೆದರುವುದು ಕುಲೆಗಳಿಗೆ, ಎಂದರೆ ಸತ್ತ ಮೇಲೂ ಹೋಗಲು ಮನಸ್ಸಿಲ್ಲದೆ ಇಲ್ಲೇ ಉಳಿದುಕೊಂಡವರಿಗೆ. ಕುಲೆಗಳಿಗೆ ಇರಲು ಮರ ಬೇಕು. ಹಾಗಾಗಿ ಕತಾರಿನಲ್ಲಿ ಕೆಲಸ ಸಿಕ್ಕಿದಾಗ ಸಂಬಳಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಅಲ್ಲಿ ಹೇಳಿಕೊಳ್ಳುವಂಥ ಮರಗಳಿಲ್ಲ ಎಂಬ ಸಂಗತಿ. ಆದರೆ ನನ್ನ ಹಣೆಬರಹ ನೋಡಿ, ಇಂಥವು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತವೆ. ಮರ ಸಿಗದಿದ್ದರೆ ಆಫೀಸಿಗೇ ಬರುತ್ತವೆ.

ಏಷ್ಯನ್ ಗೇಮ್ಸ್ ಬರುತ್ತದೆಂದು ದೋಹಾವನ್ನು ಪೂರ್ತಿ ಅಗೆದು ಹಾಕಿದ್ದ ಕಾಲ ಅದು. ಅಲ್ ರಯ್ಯಾನಿನಲ್ಲಿ ನಮ್ಮದೊಂದು ಸಣ್ಣ ಕಾಂಟ್ರಾಕ್ಟ್ ಕಂಪೆನಿ, ನಾನು ಅಲ್ಲಿ ಗುಮಾಸ್ತ. ನನ್ನ ಎದುರು ಮೇಜಿನಲ್ಲಿ ಶಿರ್ವದ ಅಕೌಂಟೆಂಟ್. ಕೊಂಕಣಿ ಕ್ರಿಶ್ಚಿಯನ್ನರನ್ನು ನಮ್ಮ ಕಡೆ ಮರ್ಯಾದೆಯಿಂದ ಪೊರ್ಬುಗಳು ಅನ್ನುತ್ತೇವೆ, ನಾನೂ ಹಾಗೆಯೇ ಕರೆಯುತ್ತಿದ್ದೆ. ನಮಗೆಲ್ಲ ಮೇಲಧಿಕಾರಿಯಾಗಿ ಒಬ್ಬ ಗ್ರೀಕ್ ಎಂಜಿನಿಯರ್ ಬಂದರು. ಉದ್ದಕ್ಕೆ, ಸಣಕಲು, ಬಿಳಿ ಮೀಸೆ, ಅಗಲ ಕಿವಿ. ಕ್ಯಾನ್ವಾಸ್ ಶೂ ಹಾಕಿ ಸದ್ದಿಲ್ಲದೆ ನಡೆಯುತ್ತಿದ್ದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಯಾಕೆಂದು ಕೊನೆಗೆ ನಿಮಗೇ ತಿಳಿಯುತ್ತದೆ.

ಮೇಜಿನ ಮೇಲಿನ ಗೋರಿ

ಎಲ್ಲರೂ ಮೇಜಿನ ಮೇಲೆ ಹೆಂಡತಿ ಮಕ್ಕಳ ಫೋಟೊ ಇಡುತ್ತಾರೆ. ಸಾಹೇಬರು ಇಟ್ಟದ್ದು ಒಂದು ಗೋರಿಯ ಫೋಟೊ. ಬಿಳಿ ಕಲ್ಲು, ಮುಂದೆ ಉರಿಯುವ ದೀಪ, ಕಲ್ಲಿನ ಮೇಲೆ ಗ್ರೀಕ್ ಅಕ್ಷರಗಳಲ್ಲಿ ಸತ್ತವರ ಹೆಸರು, ಚಿಕ್ಕದೊಂದು ಚಿತ್ರ. ಆ ಚಿತ್ರದಲ್ಲಿ ಅದೇ ಬಿಳಿ ಮೀಸೆ, ಅದೇ ಅಗಲ ಕಿವಿ.

ಪಾಸ್‌ಪೋರ್ಟ್ ಪ್ರತಿಗಳೆಲ್ಲ ನನ್ನ ಕಪಾಟಿನಲ್ಲೇ ಇರುತ್ತಿದ್ದವು. ಸಾಹೇಬರದ್ದರಲ್ಲಿ ಹೆಸರು ಗ್ರೀಕ್ ಲಿಪಿಯಲ್ಲೂ ಇತ್ತು. ಅವರು ಹೊರಗೆ ಹೋದ ಹೊತ್ತು ನೋಡಿ ಗೋರಿಯ ಹೆಸರಿನೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿದೆ. ಒಂದೂ ತಪ್ಪಲಿಲ್ಲ. ಎಸಿ ಹದಿನೆಂಟರಲ್ಲಿದ್ದರೂ ನನ್ನ ಬೆನ್ನು ಬೆವರಿತು.

"ಪೊರ್ಬುಗಳೇ, ಒಮ್ಮೆ ಇಲ್ಲಿ ಬನ್ನಿ."

"ಎಂತದು ಮಾರಾಯ್ರೆ?"

"ನಮ್ಮ ಸಾಹೇಬರು ತೀರಿಹೋಗಿದ್ದಾರೆ."

"ಯಾವಾಗ? ಈಗಷ್ಟೇ ಚಾ ಕುಡಿದ್ರಲ್ಲ!"

"ಏನು ನೋಡುತ್ತಿದ್ದೀರಿ?" ಎಂದು ಬೆನ್ನ ಹಿಂದಿನಿಂದ ದನಿ ಬಂತು. ಸಾಹೇಬರು ಯಾವಾಗ ಬಂದು ನಿಂತಿದ್ದರೋ!

"ಸರ್, ಈ ಗೋರಿ ಯಾರದು?"

"ನನ್ನದು," ಎಂದರು. ಆಮೇಲೆ ನಿಧಾನಕ್ಕೆ ಕುರ್ಚಿ ಎಳೆದು ಕುಳಿತರು. "ಎಂದರೆ ನನ್ನ ಅಜ್ಜನದು. ಹಳೆಯ ಫೋಟೊ. ನಮ್ಮ ದ್ವೀಪದಲ್ಲಿ ಹಿರಿಯ ಮಗನಿಗೆ ಅಜ್ಜನ ಹೆಸರನ್ನೇ ಇಡಬೇಕು. ಬೇರೆ ಇಟ್ಟರೆ ಅಜ್ಜನಿಗೆ ಸಿಟ್ಟು ಬರುತ್ತದೆ."

"ಹಾಗಾದರೆ ಊರಿನಲ್ಲಿ ಹೆಸರು ಹಿಡಿದು ಕರೆದರೆ?"

"ಅರ್ಧ ಊರು ತಿರುಗಿ ನೋಡುತ್ತದೆ, ಇನ್ನರ್ಧ ಗೋರಿಯೊಳಗೆ ಮಗ್ಗುಲು ಬದಲಿಸುತ್ತದೆ. ಅದಕ್ಕೇ ಬದುಕಿರುವವರಿಗೆಲ್ಲ ಅಡ್ಡಹೆಸರು. ಪೂರ್ತಿ ಹೆಸರು ಹೇಳಿದರೆ ಸತ್ತವರ ಮಾತು ಎಂದೇ ಲೆಕ್ಕ."

"ನಿಮ್ಮ ಅಡ್ಡಹೆಸರು ಏನು ಸರ್?"

ಸಾಹೇಬರು ಕಿವಿ ತುರಿಸಿಕೊಂಡು ಫೈಲು ತೆರೆದರು. ಹೊರಗೆ ಬಂದ ಮೇಲೆ ಪೊರ್ಬುಗಳು ನನ್ನ ಕಿವಿಯಲ್ಲಿ, "ಅಜ್ಜನೋ ಮೊಮ್ಮಗನೋ ಯಾರೇ ಇರ್ಲಿ ಮಾರಾಯ್ರೆ. ಸತ್ತ ಮೇಲೂ ಸಂಬಳ ತಗೊಳ್ಳುವ ಉಪಾಯ ಉಂಟಾದ್ರೆ ನಮ್ಗೂ ಸ್ವಲ್ಪ ಹೇಳಿಕೊಡ್ಲಿ," ಎಂದರು.

ಯಾರೂ ಇಲ್ಲದ ಮನೆ

ಒಮ್ಮೆ ಪೈಪ್‌ಲೈನ್ ಸರ್ವೆಗೆಂದು ಉತ್ತರದ ಕಡಲ ಕಡೆಗೆ ಹೊರಟೆವು. ಸಾಹೇಬರು, ನಾನು, ಪೊರ್ಬುಗಳು, ಗಾಡಿ ಬಿಡಲು ಉಳ್ಳಾಲದ ಡ್ರೈವರ್ ಕಾಕಾ. ಪೊರ್ಬುಗಳಿಗೆ ಅಲ್ಲೇನೂ ಕೆಲಸವಿರಲಿಲ್ಲ, ಸಮುದ್ರ ನೋಡುವ ಆಸೆಗೆ ಬಂದಿದ್ದರು.

ಮಟಮಟ ಮಧ್ಯಾಹ್ನ. ಧೂಳು ಕವಿದು ಆಕಾಶ ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಗುತ್ತದೆ ಎಂದೇ ಗೊತ್ತಾಗುತ್ತಿರಲಿಲ್ಲ. ಅದರ ನಡುವೆ ಒಂದು ಊರು ಕಾಣಿಸಿತು. ಊರು ಎಂದರೆ ಗೋಡೆಗಳು ಅಷ್ಟೆ. ಮೊದಲು ಮೀನು ಹಿಡಿಯುವವರು, ಮುತ್ತು ತೆಗೆಯುವವರು ಇದ್ದ ಜಾಗವಂತೆ. ದೋಹಾದಲ್ಲಿ ನೀರು, ಕರೆಂಟು, ಕೆಲಸ ಸಿಗುವುದೆಂದಾದಾಗ ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು. ಮಾಡು ಕುಸಿದಿತ್ತು, ಬಾಗಿಲ ಜಾಗದಲ್ಲಿ ಬರೀ ಕಂಡಿ. ಒಂದು ಮಿನಾರು ಮಾತ್ರ ನೆಟ್ಟಗೆ ನಿಂತಿತ್ತು. ಗಾಳಿ ಬೀಸುತ್ತಿತ್ತು, ಆದರೆ ಎಲೆಯಿಲ್ಲದ ಊರಿನಲ್ಲಿ ಗಾಳಿಗೆ ಸದ್ದೇ ಇರಲಿಲ್ಲ. ನನಗೆ ಗಾಡಿಯಿಂದ ಇಳಿಯಲು ಮನಸ್ಸೇ ಇರಲಿಲ್ಲ.

ಸಾಹೇಬರು ಮಾತ್ರ ತವರಿಗೆ ಬಂದವರ ಹಾಗೆ ಇಳಿದು ಓಣಿಯೊಳಗೆ ನಡೆದರು. "ನಮ್ಮೂರು ಕೂಡ ಹೀಗೆಯೇ," ಎಂದು ಹೇಳುತ್ತಾ ಹೋದರು, ನಾವು ಮೂವರೂ ಒಲ್ಲದ ಮನಸ್ಸಿನಿಂದ ಹಿಂದೆ ಹೋದೆವು. ಅವರ ದ್ವೀಪದಲ್ಲಿ ಹಿಂದೆ ಕಡಲುಗಳ್ಳರ ಕಾಟ ವಿಪರೀತವಂತೆ. ಹಾಗಾಗಿ ಹಡಗಿಗೆ ಕಾಣದ ಹಾಗೆ ಗುಡ್ಡದ ಹಿಂದೆ ಊರು ಕಟ್ಟಿದರು. ಮನೆಯ ಬೆನ್ನಿಗೆ ಮನೆ ಅಂಟಿಸಿ ಅದನ್ನೇ ಕೋಟೆ ಮಾಡಿದರು. ಕಳ್ಳರು ನುಗ್ಗಿದರೂ ದಾರಿ ತಪ್ಪಲೆಂದು ಓಣಿಗಳನ್ನು ಬೇಕೆಂದೇ ಸೊಟ್ಟ ಮಾಡಿದರು.

"ಎಷ್ಟು ಚೆನ್ನಾಗಿ ಅಡಗಿಸಿದರೆಂದರೆ, ಕಳ್ಳರು ಬರುವುದು ನಿಂತ ಮೇಲೆ ಸರ್ಕಾರಕ್ಕೂ ಊರು ಸಿಗಲಿಲ್ಲ. ರಸ್ತೆ ಬರುವ ಹೊತ್ತಿಗೆ ಜನ ಆಸ್ಟ್ರೇಲಿಯಾ ಸೇರಿದ್ದರು. ಈಗ ಊರಿನಲ್ಲಿ ಬದುಕಿರುವವರಿಗಿಂತ ಸತ್ತವರೇ ಹೆಚ್ಚು. ಖಾಲಿ ಮನೆಯಾದರೂ ನಾವು ಕೂಗಿ ಕೇಳದೆ ಒಳಗೆ ಕಾಲಿಡುವುದಿಲ್ಲ. ಒಳಗಿದ್ದವರಿಗೆ ಬೇಸರವಾಗಬಾರದು ನೋಡಿ."

ಹಾಗೆಂದವರು ಒಂದು ಮುರುಕು ಮನೆಯ ಮುಂದೆ ನಿಂತು ಟೊಪ್ಪಿ ತೆಗೆದು ಗ್ರೀಕಿನಲ್ಲಿ ಏನೋ ಕೂಗಿದರು.

ಒಳಗಿನ ಕತ್ತಲಿನಿಂದ ಒರಟು ದನಿಯೊಂದು ಬಂತು: "ಮಾಫಿ ನಫರ್!"

ಗಲ್ಫಿಗೆ ಬಂದ ಮೊದಲ ವಾರದಲ್ಲೇ ಎಲ್ಲರೂ ಕಲಿಯುವ ಮಾತು ಅದು. ಇಲ್ಲಿ ಯಾರೂ ಇಲ್ಲ ಎಂದರ್ಥ.

ಸಾಹೇಬರು ಬಾಗಿ ವಂದಿಸಿ, ಇಲ್ಲದ ಬಾಗಿಲನ್ನು ಎಳೆದುಕೊಂಡ ಹಾಗೆ ಕೈಮಾಡಿ ಹಿಂದೆ ಬಂದರು. ಅಷ್ಟರಲ್ಲಿ ನಾವು ಮೂವರೂ ಗಾಡಿಯೊಳಗಿದ್ದೆವು. ಕಾಕಾ ಎಂಜಿನ್ ಚಾಲೂ ಮಾಡಿ, "ಆಡು ಮೇಯಿಸುವವ ಯಾರೋ ಮಲ್ಕೊಂಡಿರ್ಬೇಕು ಮಾರಾಯಾ," ಎಂದರು. ಆದರೆ ಸುತ್ತಮುತ್ತ ಒಂದು ಆಡೂ ಇರಲಿಲ್ಲ. ದೋಹಾ ಹತ್ತಿರವಾದಾಗ ಪೊರ್ಬುಗಳು ಮೆಲ್ಲ ಕೇಳಿದರು: "ಅಲ್ಲ ಕಾಕಾ, ಯಾರೂ ಇಲ್ಲ ಅಂತ ಹೇಳಿದ್ದು ಯಾರು?"

ನೇ

ಸಾಹೇಬರ ಅಕ್ಕ ಆ ಊರಿನಲ್ಲಿ ಕಾಫಿ ಅಂಗಡಿ ನಡೆಸುತ್ತಿದ್ದರು. ಊರಿಗೆಲ್ಲ ಫೋನು ಇದ್ದದ್ದು ಅಲ್ಲೇ. ಆಕೆ ಫೋನು ಮಾಡಿದಾಗಲೆಲ್ಲ ಸಾಹೇಬರು, "ನೇ, ನೇ, ನೇ," ಎನ್ನುತ್ತಿದ್ದರು. ಆಕೆ ಅಳುವುದು ನಮಗೂ ಕೇಳಿಸುತ್ತಿತ್ತು. ಇವರದ್ದು ಮತ್ತೆ, "ನೇ, ನೇ."

ನನಗೆ ರೇಗಿಹೋಯಿತು. ಅಕ್ಕ ಅಷ್ಟು ಅಂಗಲಾಚುವಾಗ ಹೀಗೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಇಲ್ಲ ಎನ್ನುವುದೇ? ಒಂದು ದಿನ ತಡೆಯದೆ ಕೇಳಿಯೇಬಿಟ್ಟೆ. "ಸರ್, ಒಮ್ಮೆಯಾದರೂ ಆಗಲಿ ಎನ್ನಬಾರದೇ?"

"ಅದನ್ನೇ ಹೇಳುತ್ತಿರುವುದು. ನೇ ಎಂದರೆ ನಮ್ಮಲ್ಲಿ ಹೌದು."

"ಹಾಗಾದರೆ ಅಕ್ಕ ಯಾಕೆ ಅಳುತ್ತಾರೆ?"

"ಹೌದು ಹೌದು ಎಂದು ವರ್ಷವಿಡೀ ಹೇಳಿ ನಾನು ಹೋಗಲೇ ಇಲ್ಲವಲ್ಲ, ಅದಕ್ಕೆ."

ಅಪ್ಪನ ಹೊಸ ಮನೆ

ಹೋಗಬೇಕಾದದ್ದು ಯಾಕೆಂದು ಕೇಳಿದೆ. ಅಪ್ಪನ ಮನೆ ಬದಲಿಸಬೇಕು ಎಂದರು.

"ವಯಸ್ಸಾದವರಿಗೆ ಕಷ್ಟ ಅಲ್ವಾ ಸರ್? ಸಾಮಾನು ತುಂಬಾ ಉಂಟಾ?"

"ಒಂದು ಚಿಕ್ಕ ಪೆಟ್ಟಿಗೆ."

"ಹೊಸ ಮನೆ ಹೇಗಿದೆ?"

"ಇಕ್ಕಟ್ಟು. ಆದರೆ ಅಜ್ಜನ ಪಕ್ಕದಲ್ಲೇ."

"ಅಪ್ಪ ಒಪ್ಪಿದ್ದಾರಾ?"

"ಸಿದ್ಧವಾಗಿದ್ದರೆ ಸಾಕು. ಕೆಲವರು ಅಷ್ಟು ಬೇಗ ಸಿದ್ಧವಾಗುವುದಿಲ್ಲ. ಆಗ ಮತ್ತೆ ಮುಚ್ಚಿ ಬರಬೇಕಾಗುತ್ತದೆ."

ಮುಚ್ಚುವುದು ಎಂದಾಗ ನನಗೆ ಏನೋ ಸರಿಯಿಲ್ಲ ಎನಿಸಿತು. ಬಿಡಿಸಿ ಕೇಳಿದೆ. ಅವರದು ಕಲ್ಲುಗುಡ್ಡದ ಊರು, ಹೆಣ ಹೂಳಲು ಮಣ್ಣೇ ಕಡಿಮೆ. ಕೆಲವು ವರ್ಷವಾದ ಮೇಲೆ ಮನೆಯವರೇ ಗೋರಿ ತೆರೆದು ಎಲುಬು ತೆಗೆದು, ವೈನಿನಲ್ಲಿ ತೊಳೆದು, ಹೆಸರು ಬರೆದ ಪೆಟ್ಟಿಗೆಯಲ್ಲಿ ಹಾಕಿ ಚರ್ಚಿನಲ್ಲಿ ಇಡುತ್ತಾರೆ. ಅಜ್ಜ ಆಗಲೇ ಪೆಟ್ಟಿಗೆಯಲ್ಲಿದ್ದರು. ಈಗ ಊರಿನಲ್ಲಿ ಒಬ್ಬ ಮುದುಕಿ ಹಾಸಿಗೆ ಹಿಡಿದಿದ್ದಾಳೆ, ಅವಳಿಗೆ ಜಾಗ ಬೇಕು. ಗಂಡುಮಗ ಬಾರದಿದ್ದರೆ ಪಾದ್ರಿಗಳು ಅಪ್ಪನ ಎಲುಬನ್ನು ವಾರಸುದಾರರಿಲ್ಲದವರ ಹೊಂಡಕ್ಕೆ ಹಾಕುತ್ತಾರೆ.

"ನಮ್ಮೂರಿನಲ್ಲಿ ಉಳಿದಿರುವುದು ಹೆಸರುಗಳು ಮಾತ್ರ," ಎಂದರು ಸಾಹೇಬರು. "ಅಪ್ಪನಿಗೆ ಅದೂ ಇಲ್ಲದಂತಾಗುತ್ತದೆ." ಹೇಳುವಾಗ ಅವರ ಮೀಸೆ ಅದುರುತ್ತಿತ್ತು.

ನನಗೆ ಮೈ ಜುಮ್ಮೆಂದದ್ದು ನಿಜ. ಆದರೆ ಜುಮ್ಮೆನಿಸಿಕೊಳ್ಳುವ ಅಧಿಕಾರ ನನಗೆಲ್ಲಿದೆ? ಎಳವೆಯಲ್ಲೇ ತೀರಿಕೊಂಡ ನನ್ನ ಸೋದರತ್ತೆಗೆ, ಅದೇ ರೀತಿ ತೀರಿಕೊಂಡ ಪಕ್ಕದೂರಿನ ಹುಡುಗನೊಡನೆ ನಮ್ಮ ಮನೆಯಲ್ಲಿ ಪ್ರೇತ ಮದುವೆ ಮಾಡಿಸಿದ್ದರು. ಸೀರೆ, ಪಂಚೆ, ಪಾಯಸ ಎಲ್ಲ ಇತ್ತು. ಅಳಿಯ ಬಹಳ ಶಾಂತ ಸ್ವಭಾವದವ ಎಂದು ನನ್ನಜ್ಜಿ ಸಾಯುವ ತನಕ ಹೊಗಳುತ್ತಿದ್ದಳು.

ಬಾಬಾ ಬರ್ರಾ

ಈಗ ರಜೆಯ ಪ್ರಶ್ನೆ. ಆ ಕಾಲದಲ್ಲಿ ಒಡೆಯರು ಎಕ್ಸಿಟ್ ಪರ್ಮಿಟ್ ಕೊಡದಿದ್ದರೆ ಸಾಹೇಬರಿರಲಿ ಕೂಲಿಯಿರಲಿ ದೇಶ ಬಿಡುವ ಹಾಗಿರಲಿಲ್ಲ. ನಮ್ಮ ಒಡೆಯರು ಕತಾರಿ, ವಯಸ್ಸಾದವರು, ಒಳ್ಳೆಯ ಮನುಷ್ಯ. ನಾವು ಅವರನ್ನು ಅರ್ಬಾಬ್ ಎನ್ನುತ್ತಿದ್ದೆವು. ಆದರೆ ಕೆಲಸ ಮುಗಿಸಿಕೊಡುವ ಗಡುವು ಹತ್ತಿರ ಬಂದಿತ್ತು. "ಮನೆ ಬದಲಿಸಲು ಪಿಕಪ್ ಗಾಡಿ ಸಾಕು, ಮಗ ಯಾಕೆ?" ಎಂದು ಸಾಹೇಬರನ್ನು ಎರಡು ಸಲ ವಾಪಸು ಕಳಿಸಿದ್ದರು.

ಮೂರನೆಯ ಸಲ ನಾನೇ ಹೋದೆ. ಅರ್ಬಾಬರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನ್ನ ಅರಬಿಯೂ ಅಷ್ಟಕ್ಕಷ್ಟೆ. ಗೊತ್ತಿದ್ದ ಶಬ್ದಗಳನ್ನೆಲ್ಲ ಜೋಡಿಸಿದೆ.

"ಅರ್ಬಾಬ್, ಮುಹಂದಿಸ್ ಬಾಬಾ ಮೌತ್." ಎಂಜಿನಿಯರ ಅಪ್ಪ ಸತ್ತಿದ್ದಾರೆ.

ಅರ್ಬಾಬ್ ಮರುಗಿ ತಲೆಯಾಡಿಸಿದರು.

"ಬಾಬಾ ಈಜಿ ಬರ್ರಾ." ಅಪ್ಪ ಹೊರಗೆ ಬರುತ್ತಾರೆ.

ಜಪಮಣಿ ಎಣಿಸುತ್ತಿದ್ದ ಕೈ ನಿಂತಿತು.

"ಬಾಬಾ ರೂಹ್ ಬೈತ್ ಜದೀದ್." ಹೊಸ ಮನೆಗೆ ಹೋಗುತ್ತಾರೆ.

ಅರ್ಬಾಬ್ ಎದ್ದು ನಿಂತರು. ದೇವರ ಹೆಸರು ಹೇಳಿದರು. ಆಮೇಲೆ ಕಿಟಕಿಯ ಕಡೆ ಒಮ್ಮೆ ನೋಡಿ, ಆ ಮನೆ ಕತಾರಿನಲ್ಲಿಯೋ ಎಂದು ಕೇಳಿದರು. ಅಲ್ಲ, ಯುನಾನಿನಲ್ಲಿ ಎಂದೆ, ಗ್ರೀಸಿಗೆ ಅರಬಿಯಲ್ಲಿ ಹಾಗೆ ಹೇಳುತ್ತಾರೆ. "ಖಲಾಸ್! ಯಲ್ಲಾ, ಇವತ್ತೇ ಹೋಗಲಿ!" ಎಂದು ಆಗಲೇ ಪರ್ಮಿಟ್ಟಿಗೆ ಸಹಿ ಹಾಕಿದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಕೂಗಿದರು: "ಸರಿಯಾಗಿ ಬೀಗ ಹಾಕಿ ಬರಲು ಹೇಳು!"

ಪೂರ್ತಿ ಹೆಸರು

ಸಾಹೇಬರು ಹೋದರು. ಬರಬೇಕಾದ ದಿನ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಅರ್ಬಾಬ್ ಗಂಟೆಗೊಮ್ಮೆ ನನ್ನನ್ನು ಕರೆದು, "ಎಂಜಿನಿಯರ್ ಎಲ್ಲಿ?" ಎಂದು ಕೇಳುವರು. ಕೊನೆಗೆ ಕಾಫಿ ಅಂಗಡಿಗೆ ಫೋನು ಮಾಡಿದೆ. ಪೊರ್ಬುಗಳು ಪಕ್ಕದಲ್ಲೇ ಕಿವಿ ಕೊಟ್ಟು ನಿಂತಿದ್ದರು.

ಫೋನು ಎತ್ತಿದವ ಯಾರೋ ಮುದುಕ. ಹಡಗಿನಲ್ಲಿ ದುಡಿದವನಂತೆ, ಇಂಗ್ಲಿಷ್ ಒಂದೊಂದೇ ಶಬ್ದ ಬರುತ್ತಿತ್ತು. ಮರ್ಯಾದೆಗೆ ಕಡಿಮೆಯಾಗಬಾರದೆಂದು ನಾನು ಪಾಸ್‌ಪೋರ್ಟ್ ಪ್ರತಿ ಹಿಡಿದು ಸಾಹೇಬರ ಪೂರ್ತಿ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿ, ಅವರು ಅಲ್ಲಿದ್ದಾರಾ ಎಂದು ಕೇಳಿದೆ.

ಮುದುಕ ಆ ಹೆಸರನ್ನು ತಾನೂ ಒಮ್ಮೆ ಹೇಳಿಕೊಂಡ. "ನೇ, ನೇ," ಎಂದ. "ಚರ್ಚ್."

"ಚರ್ಚಿನಲ್ಲಿ ಏನು ಮಾಡುತ್ತಿದ್ದಾರೆ?"

"ಬಾಕ್ಸ್," ಎಂದ. "ಸ್ಮಾಲ್ ಬಾಕ್ಸ್. ಗುಡ್ ಮ್ಯಾನ್. ವೆರಿ ಕ್ಲೀನ್." ಫೋನು ಕಡಿದುಹೋಯಿತು.

ನೇ ಎಂದರೆ ಹೌದು ಎಂದು ನಾನು ಅಷ್ಟರಲ್ಲಿ ಕಲಿತಿದ್ದೆನಲ್ಲ, ಅದೇ ಕೆಟ್ಟದ್ದಾಯಿತು. ಸಂಶಯಕ್ಕೆ ಜಾಗವೇ ಉಳಿಯಲಿಲ್ಲ. ನನಗೆ ನಿಜವಾಗಿ ಅಳು ಬಂತು. ಅಪ್ಪನ ಹೆಸರು ಉಳಿಸಲು ಹೋದ ಮನುಷ್ಯ ತಾನೇ ಪೆಟ್ಟಿಗೆ ಸೇರಿದನೇ? ಪೊರ್ಬುಗಳು ಮೇಜಿನ ಮೇಲಿದ್ದ ಗೋರಿಯ ಫೋಟೊದ ಮುಂದೆ ಮೊಂಬತ್ತಿ ಹಚ್ಚಿ ಜಪಮಾಲೆ ಹಿಡಿದು ತೆರ್ಸ್ ಪ್ರಾರ್ಥನೆ ಹೇಳಿದರು. ಕಾಕಾ ಕಣ್ಣೊರೆಸಿಕೊಂಡರು. ಅರ್ಬಾಬ್ ಜಪಮಣಿ ಹಿಡಿದು ತಮ್ಮ ಕೋಣೆಯಲ್ಲಿ ಕುಳಿತುಬಿಟ್ಟರು.

ಮರುದಿನ ಮಧ್ಯಾಹ್ನ. ಹೊರಗೆ ಅದೇ ಧೂಳು, ಬೀದಿಯಲ್ಲಿ ನರಪಿಳ್ಳೆ ಇಲ್ಲ. ಸದ್ದಿಲ್ಲದೆ ಬಾಗಿಲು ತೆರೆಯಿತು. ಕ್ಯಾನ್ವಾಸ್ ಶೂ, ಬಿಳಿ ಮೀಸೆ, ತಲೆಯಿಂದ ಕಾಲಿನವರೆಗೆ ಧೂಳು. ಎರಡೂ ಕೈಯಲ್ಲಿ ಒಂದು ಚಿಕ್ಕ ಪೆಟ್ಟಿಗೆ.

ಪೊರ್ಬುಗಳು, "ಜೆಜು!" ಎಂದು ಯೇಸುವನ್ನು ಕರೆದು ಮೇಜಿನ ಕೆಳಗೆ ಹೋದರು. ಅಲ್ಲಿ ನಾನು ಮೊದಲೇ ಇದ್ದೆ. ಅರ್ಬಾಬರ ಕೋಣೆಯಲ್ಲಿ ಚಿಲಕ ಬಿದ್ದ ಸದ್ದಾಯಿತು.

ಸಾಹೇಬರು ಮೊಂಬತ್ತಿ ನೋಡಿದರು, ಫೋಟೊ ನೋಡಿದರು, ಬಾಗಿ ಮೇಜಿನ ಕೆಳಗೆ ನಮ್ಮನ್ನು ನೋಡಿದರು. "ಫೋನಿನಲ್ಲಿ ನನ್ನ ಪೂರ್ತಿ ಹೆಸರು ಹೇಳಿದಿರಾ?" ಎಂದು ಕೇಳಿದರು. ನಾನು ತಲೆಯಾಡಿಸಿದೆ. ಅವರು ನಿಟ್ಟುಸಿರು ಬಿಟ್ಟರು. ಮುದುಕ ಹೇಳಿದ್ದೆಲ್ಲ ಅಜ್ಜನ ಸುದ್ದಿಯಾಗಿತ್ತು. "ಕತ್ತೆಕಿವಿ ಇದ್ದಾನಾ ಎಂದು ಕೇಳಬೇಕಿತ್ತು. ಗಾಳಿಗೆ ಹಡಗು ನಿಂತಿತ್ತು ಅಷ್ಟೆ. ಅಪ್ಪ ಸುಖವಾಗಿದ್ದಾರೆ. ಅಕ್ಕ ಹೆಸರನ್ನು ನೀಲಿ ಬಣ್ಣದಲ್ಲಿ ಬರೆದಿದ್ದಾಳೆ." ಪೆಟ್ಟಿಗೆಯಲ್ಲಿದ್ದದ್ದು ಅಕ್ಕ ಕೊಟ್ಟ ಸಿಹಿತಿಂಡಿ.

ಮೊದಲ ತುಂಡು ಒಡೆಯರಿಗೇ ಕೊಡಬೇಕೆಂದು ಸಾಹೇಬರು ಅರ್ಬಾಬರ ಬಾಗಿಲ ಮುಂದೆ ನಿಂತರು. ಟೊಪ್ಪಿ ತೆಗೆದು ಮೆಲ್ಲಗೆ ತಟ್ಟಿದರು.

ಒಳಗಿನಿಂದ ನಡುಗುವ ದನಿ ಬಂತು: "ಮಾಫಿ ನಫರ್!"

ಸಾಹೇಬರು ಬಾಗಿ ವಂದಿಸಿ ಹಿಂದೆ ಸರಿದರು. ಈ ಸಲವಾದರೂ ಹೇಳಿದ್ದು ಯಾರೆಂದು ನಮಗೆಲ್ಲ ಗೊತ್ತಿತ್ತು.