ನಮ್ಮವರ ಬಲಗೈಯ ಕೇಸು

ನೋವಿದ್ದರೂ "ಏನಿಲ್ಲ" ಅನ್ನುವ ಗಂಡನನ್ನು ಕರೆದುಕೊಂಡು ಪರಿಹಾರದ ಕೇಸಿಗೆ ಓಡಾಡುವವಳಿಗೆ ನಗಲಿಕ್ಕೂ ಸಿಟ್ಟು ಬರಲಿಕ್ಕೂ ಬೇರೆ ಕಾರಣ ಬೇಡ. ಡೊಂಬಿವಲಿಯಿಂದ ಠಾಣೆ ಕೋರ್ಟಿಗೆ ಹೋಗಿ ಬರುವಷ್ಟರಲ್ಲಿ ಒಂದಲ್ಲ ಒಂದು ಆಗಿಯೇ ಆಗುತ್ತದೆ.

ನಮ್ಮವರು ಠಾಣೆಯ ನೌಪಾಡಾದ ಹೋಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ಒಂದು ಬೆಳಿಗ್ಗೆ ರೈಲಿಳಿದು ಕೆಲಸಕ್ಕೆ ನಡೆದು ಹೋಗುವಾಗ ಟೆಂಪೋದವನೊಬ್ಬ ಮೊಬೈಲಿನಲ್ಲಿ ಹರಟುತ್ತ, ಹಿಂದೆ ನೋಡದೆ ರಿವರ್ಸ್ ತೆಗೆದು ಇವರನ್ನು ಗೋಡೆಗೆ ಒತ್ತಿಬಿಟ್ಟ. ಬಲಗೈ ಮಣಿಕಟ್ಟು ಮುರಿಯಿತು. ಪ್ಲೇಟು ಹಾಕಿದರು, ಮೂಳೆ ಕೂಡಿತು, ಆದರೆ ಕೈ ತಿರುಗುವುದಿಲ್ಲ. ಟೆಂಪೋದ ವಿಮಾ ಕಂಪೆನಿಯವರು ಏನೆಂದು ಬರೆದರು ಗೊತ್ತುಂಟಾ? ಇವರದ್ದು ಕಸುಬೇ ಅಲ್ಲವಂತೆ, ಬರೀ ಕೂಲಿಯಂತೆ, ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಿಲ್ಲು ಕೊಟ್ಟರೂ ಆಗುತ್ತದಂತೆ. ಪರಿಹಾರ ಬೇಕಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ "ಬರೀ ಕೂಲಿ" ಅನ್ನುವ ಮಾತು ಅಳಿಸಿಹೋಗಬೇಕು ಅಂತ ನನಗೆ ಹಠ ಹಿಡಿಯಿತು.

ವಕೀಲರ ಹತ್ತಿರ

ನಮ್ಮ ವಕೀಲರು ಧಾರವಾಡ ಕಡೆಯವರು. ಮೊದಲ ದಿನ ಪೆನ್ನು ಹಿಡಿದು, ಏನೇನು ತ್ರಾಸಾಗುತ್ತದೆ, ಒಂದೂ ಬಿಡದೆ ಹೇಳಿ ಅಂದರು. ನಮ್ಮವರು ನೆಟ್ಟಗೆ ಕೂತು, "ಏನಿಲ್ಲ ಸರ್, ಆರಾಮ ಇದ್ದೇನೆ" ಅಂದರು. ವಕೀಲರು ಪೆನ್ನು ಕೆಳಗಿಟ್ಟರು.

ನಾನು ಶುರು ಮಾಡಿದೆ. ಅಂಗಿಯ ಗುಂಡಿ ಹಾಕುವುದು ನಾನು, ಬಕೆಟು ಎತ್ತುವುದು ನಾನು, ಅನ್ನ ಕಲಸಿ ಕೊಡುವುದೂ ನಾನು. ಇವರು ಮನೆಯ ಮರ್ಯಾದೆ ಹರಾಜಾಯಿತು ಅನ್ನುವ ಹಾಗೆ ನನ್ನನ್ನು ದುರುಗುಟ್ಟಿ ನೋಡಿದರು.

ವಕೀಲರು ನನ್ನ ಕಡೆ ತಿರುಗಿ, "ಅಕ್ಕಾರ, ಇವರಿಗೆ ಸುಳ್ಳು ಹೇಳೂದು ಕಲಿಸಬ್ಯಾಡ್ರಿ. ಖರೇ ಹೇಳೂದಷ್ಟ ಕಲಿಸ್ರಿ, ಸಾಕು" ಅಂದರು.

ದೊಡ್ಡಾಸ್ಪತ್ರೆಯಲ್ಲಿ

ಅಂಗವೈಕಲ್ಯದ ಸರ್ಟಿಫಿಕೇಟಿಗೆ ಸರ್ಕಾರಿ ಆಸ್ಪತ್ರೆಗೆ ಹೋದೆವು. ಡಾಕ್ಟರು ಚಿಕ್ಕ ಪ್ರಾಯದ ಮರಾಠಿ ಹುಡುಗಿ. ಮುಷ್ಟಿಯ ಬಲ ಅಳೆಯುವ ಯಂತ್ರವೊಂದನ್ನು ಬಲಗೈಗೆ ಕೊಟ್ಟು ಒತ್ತಲು ಹೇಳಿದಳು. ಮುಳ್ಳು ಅಲ್ಲಾಡಿದರೆ ಅಲ್ಲಾಡಿತು ಅನ್ನುವಷ್ಟು. "ಸಾಕು ಕಾಕಾ, ಬಿಡಿ" ಅಂದಳು ಪಾಪ, ಕನಿಕರದಿಂದ.

ಆ ಕನಿಕರವೇ ಇವರಿಗೆ ಚುಚ್ಚಿತು ನೋಡಿ. ಇನ್ನೊಮ್ಮೆ ಕೊಡಿ ಅಂದರು. ಹಲ್ಲು ಕಚ್ಚಿ, ಬೆವರು ಸುರಿಸಿ, ಮುಳ್ಳನ್ನು ಎರಡು ಗೆರೆ ಮೇಲೇರಿಸಿ, ಕ್ಲಾಸಿಗೆ ಫಸ್ಟ್ ಬಂದವರ ಹಾಗೆ ನನ್ನ ಮುಖ ನೋಡಿದರು. ನಾನು ಡಾಕ್ಟರಿಗೆ ಮರಾಠಿಯಲ್ಲಿ, ದಮ್ಮಯ್ಯ, ಮೊದಲನೆಯದ್ದನ್ನೇ ಬರೆಯಮ್ಮಾ ಅಂದೆ. ಅವಳು ಅದನ್ನೇ ಬರೆದು, ಕೆಳಗೆ ನೋವಿನ ಮಾತ್ರೆಯನ್ನೂ ಬರೆದಳು. ಮನೆಗೆ ಬಂದು ನೋಡಿದರೆ ಕೈ ಊದಿ ಮಂಗಳೂರು ಬನ್ಸ್ ಆಗಿತ್ತು.

ಕಂಪೆನಿಯವ ಮನೆಗೆ ಬಂದದ್ದು

ಕೈ ನಿಜವಾಗಿಯೂ ನಡೆಯುವುದಿಲ್ಲವೋ ಅಂತ ನೋಡಲು ವಿಮಾ ಕಂಪೆನಿಯವನೊಬ್ಬ ಹೇಳದೆ ಕೇಳದೆ ಬಂದ. ನಾನು ತರಕಾರಿಗೆ ಹೋಗಿದ್ದೆ. ಮನೆಗೆ ಬಂದವರನ್ನು ಬಾಯಾರಿಕೆ ಕೇಳದೆ, ಏನೂ ಕೊಡದೆ ಕಳಿಸುವುದು ನಮ್ಮೂರ ಕಡೆಯವರಿಗೆ ಆಗದ ಮಾತು. ಅವನು ವೈರಿಯಾದರೇನು, ದೋಸೆ ಹೊಯ್ಯಲು ಇವರ ಕೈ ನಡೆಯದಿದ್ದರೇನು!

ವಾಪಸು ಬಂದು ನೋಡುತ್ತೇನೆ, ನನ್ನ ಒಲೆಯ ಮುಂದೆ ಟೈ ಕಟ್ಟಿದ ಗಂಡಸು ಸೌಟು ಹಿಡಿದು ನಿಂತಿದ್ದಾನೆ. ನಮ್ಮವರು ಸ್ಟೂಲಿನ ಮೇಲೆ ಕೂತು ಅವನನ್ನು ಗದರಿಸುತ್ತಿದ್ದಾರೆ, ತೋಳಲ್ಲ, ಮಣಿಕಟ್ಟು ತಿರುಗಿಸು ಅಂತ. ಅವನ ಆರು ದೋಸೆಯಲ್ಲಿ ಒಂದೂ ಇಡಿಯಾಗಿ ಎದ್ದಿರಲಿಲ್ಲ. ಇದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ ಅಂದ. ವರದಿಯಲ್ಲಿ ಏನು ಬರೆದನೋ ನಾನು ಕಾಣೆ, ಹೋಗುವಾಗ ಅಕ್ಕಿ ಉದ್ದಿನ ಅಳತೆಯನ್ನಂತೂ ಬರೆದುಕೊಂಡು ಹೋದ.

ಕಟಕಟೆಯಲ್ಲಿ

ಕಡೆಗೆ ನಮ್ಮವರ ಪಾಟೀ ಸವಾಲಿನ ದಿನ ಬಂತು. ಕಂಪೆನಿಯ ವಕೀಲರು ಎದ್ದು, ಹಿಟ್ಟು ಹೊಯ್ಯುವುದು ಒಂದು ವಿದ್ಯೆಯೇ, ಎಡಗೈ ಗಟ್ಟಿಯಾಗಿದೆಯಲ್ಲ, ಅದರಲ್ಲೇ ಹೊಯ್ಯಬಹುದಲ್ಲ ಅಂದರು. ನಮ್ಮವರು ತಮ್ಮ ಎಡಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡರು. ಎಲ್ಲ ಮುಗಿಯಿತು ಅಂದುಕೊಂಡೆ. ಆಗ ಇವರು ತಮ್ಮ ಹೋಟೆಲು ಹಿಂದಿಯಲ್ಲಿ ನಿಧಾನಕ್ಕೆ ಹೇಳಿದರು:

"ಸಾಹೇಬ್ರೇ, ನೀವು ಎಡಗೈಯಲ್ಲಿ ನಿಮ್ಮ ಸಹಿ ಹಾಕಿ ತೋರಿಸಿ. ನಾಳೆಯಿಂದ ನಾನು ದೋಸೆ ಹೊಯ್ಯುತ್ತೇನೆ."

ವಕೀಲರು ನಕ್ಕು, ಎಡಗೈಯಲ್ಲಿ ಪೆನ್ನು ತೆಗೆದು, ಮುತ್ತಿನಂಥ ಸಹಿ ಹಾಕಿ ಜಡ್ಜರಿಗೆ ತೋರಿಸಿದರು. ಆ ಪುಣ್ಯಾತ್ಮ ಹುಟ್ಟಾ ಎಡಚ! ನಮ್ಮ ವಕೀಲರು ಹಣೆ ಹಿಡಿದುಕೊಂಡು ಕೂತರು.

ನಮ್ಮವರು ಮಾತ್ರ ಬಗ್ಗಿ ನೋಡಿ, "ಚಂದ ಉಂಟು. ಇನ್ನು ಬಲಗೈಯಲ್ಲಿ ಹಾಕಿ" ಅಂದರು.

ಕಂಪೆನಿಯ ವಕೀಲರು ಆಕ್ಷೇಪ ಎತ್ತಲು ಜಡ್ಜರ ಕಡೆ ತಿರುಗಿದರು. ಜಡ್ಜರು ಕೆನ್ನೆಗೆ ಕೈ ಕೊಟ್ಟು, ಹಾಕಿ, ಹಾಕಿ ಅಂದರು. ಪಾಪ, ಹಾಕಿದರು. ಜಡ್ಜರು ಆ ಕಾಗದ ತರಿಸಿಕೊಂಡು, ಕನ್ನಡಕ ಹಾಕಿ, ಒಮ್ಮೆ ಹೀಗೆ ಒಮ್ಮೆ ಹಾಗೆ ತಿರುಗಿಸಿ ನೋಡಿದರು.

"ವಕೀಲ ಸಾಹೇಬರೇ, ಇದರ ತಲೆ ಯಾವ ಕಡೆಗಿದೆ?"

ಇಡೀ ಕೋರ್ಟು ನಕ್ಕಿತು. ನನಗೆ ಮಾತ್ರ ಹೆಮ್ಮೆಯಲ್ಲಿ ಕಣ್ಣು ತುಂಬಿ ಏನೂ ಕಾಣಲಿಲ್ಲ. ಪರಿಹಾರ ಬಂತು. ಆದೇಶದಲ್ಲಿ ನಮ್ಮವರನ್ನು "ಕುಶಲ ಕಸುಬುದಾರ" ಅಂತ ಬರೆದಿದ್ದರು. ಆ ಪುಟವನ್ನು ನಾನು ಲ್ಯಾಮಿನೇಟ್ ಮಾಡಿಸಿ ಗೋಡೆಗೆ ತೂಗುಹಾಕಿದೆ. ಇದೆಲ್ಲ ಎಂಥ ಪ್ರದರ್ಶನ ಅಂತ ನಮ್ಮವರು ನನ್ನನ್ನು ಬೈದರು. ಬೈದು, ನೆಂಟರು ಕೂರುವ ಕುರ್ಚಿಯನ್ನು ಅದರ ಎದುರಿಗೇ ಎಳೆದು ಹಾಕಿದರು.