ನೌಕರಿ ಅರ್ಜಿಯಲ್ಲಿ ತೀರಿಕೊಂಡ ಮೋದಿನಸಾಬ

ಸಿಂದಗಿಯ ಕಚೇರಿ ಮುಂದೆ, ಬೇವಿನ ಮರದ ಕೆಳಗೆ ಟೈಪ್ ಮಷೀನು ಇಟ್ಟುಕೊಂಡು ಕೂಡುತ್ತಿದ್ದ ಅರ್ಜಿ ಬರೆಯುವ ಚಂದಪ್ಪನಿಗೆ ಒಂದೇ ಒಂದು ಸಣ್ಣ ಚಟ. ಅರ್ಜಿದಾರನ ತಂದೆಯನ್ನು ಕೊಲ್ಲದೆ ಅವನಿಗೆ ಎರಡನೆಯ ಸಾಲು ಬರುತ್ತಿರಲಿಲ್ಲ. ಎಪ್ಪತ್ತೆರಡರ ಬರದಲ್ಲಿ ಪರಿಹಾರದ ಅರ್ಜಿ ಬರೆದು ಬರೆದು ಪಳಗಿದ ಕೈ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಪ್ಲೇಗು, ಕಾಲರಾ, ನಾಗರಹಾವು ಮೂರೂ ಕೂಡಿ ಕೆಡವಿದ ಅಪ್ಪಂದಿರಿಗಿಂತ ಅವನ ಮಷೀನು ಕೆಡವಿದ ಅಪ್ಪಂದಿರೇ ಹೆಚ್ಚು. ಲೆಕ್ಕ ತಾಳೆಯಾಗದೆ ಚಿತ್ರಗುಪ್ತ ರಜೆ ಹಾಕಿ ಕೂತಿದ್ದಾನೆಂದು ಜನ ಆಡಿಕೊಳ್ಳುತ್ತಿದ್ದರು.

ಈ ಸಲ ಮಡಿದವನು ಆಲಮೇಲದ ಮೋದಿನಸಾಬ. ತೊಡಕೇನೆಂದರೆ, ಮಡಿದವನು ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವನ ಮಗ ಮೈಬೂಬ ಎಸ್ಸೆಸ್ಸೆಲ್ಸಿ ಪಾಸಾದವನು; ಇಂಡಿ ಕಡೆಯ ಒಂದು ಸೊಸೈಟಿಯ ಗೋದಾಮಿನಲ್ಲಿ ತೂಕದ ಕಾರಕೂನನ ಕೆಲಸ ಖಾಲಿಯಿದೆಯೆಂದು ಅರ್ಜಿ ಬರೆಸಲು ಬಂದಿದ್ದ. ಅರ್ಜಿ ಮುಟ್ಟಿಸಲು ಅಂದೇ ಕೊನೆಯ ದಿನ.

ಮೈಬೂಬ: ಅಲ್ರೀ ಕಾಕಾ, ಅಪ್ಪ ಇಲ್ಲೇ ಕುಂತಾನ! ತೀರಿಕೊಂಡಾನ ಅಂತ ಹೆಂಗ ಹೊಡದ್ರಿ?

ಚಂದಪ್ಪ: ಇಲ್ಲಿ ಕುಂತಿದ್ದು ಇಂಡಿಗೆ ಕಾಣ್ತೈತೇನು?

ಮೋದಿನಸಾಬ: ಹೆಂಗ ಸತ್ತೇನಿ ಅಂತ ಬರದೀರಿ, ಚಂದಪ್ಪಣ್ಣ?

ಚಂದಪ್ಪ: ಸಿಡ್ಲ ಬಡದು.

ಮೋದಿನಸಾಬ: ಮನಿಯಾಗೋ, ಹೊಲದಾಗೋ?

ಚಂದಪ್ಪ: ಹೊಲದಾಗ್ರಿ. ದುಡೀತಿದ್ದಾಗ.

ಮೋದಿನಸಾಬ (ಎದೆಯುಬ್ಬಿಸಿ): ದುಡೀತಿದ್ದಾಗ! ಕೇಳಿದೇನೋ ಮೈಬೂಬ? ನಿಮ್ಮವ್ವ ಈ ಮಾತು ಒಂದಿನಾನೂ ಒಪ್ಪಿಲ್ಲ.

ಮೈಬೂಬ: ಅಪ್ಪಾ, ನೀ ಸುಮ್ಕಿರು. ಕಾಕಾ, ನನಗ ಏನು ಬರ್ತೈತಿ ಅದನ್ನ ಬರೀರಿ. ಗಾಣದಾಗ ಎರಡು ಸುಗ್ಗಿ ಬೆಲ್ಲ ತೂಗೇನಿ. ಹಸಿ ಜೋಳ ಯಾವುದು, ಒಣಾ ಯಾವುದು, ಹಲ್ಲಿಲೆ ಕಡದು ಹೇಳ್ತೇನಿ. ಚೀಲ ಒಬ್ಬನ ಎತ್ತಿ ಒಟ್ತೇನಿ.

ಚಂದಪ್ಪ: ನೌಕರಿ ಕೇಳೋ ಅರ್ಜ್ಯಾಗ ಕೆಲಸದ ಸುದ್ದಿ ಯಾಕೋ ಹುಚ್ಚಾ? ಕೆಲಸ ಬರ್ತೈತಿ ಅಂದ್ರ ಸಾಹೇಬ್ರು ಏನಂತಾರ? 'ಈ ಮಗಾ ಎಲ್ಲಿ ಹೋದ್ರೂ ಉಣ್ತಾನ' ಅಂತ ಕಾಗದ ಬದಿಗಿಡ್ತಾರ. ಏನೂ ಬರೂದಿಲ್ಲ, ಯಾರೂ ಇಲ್ಲ ಅನ್ನು. ಆಗ ಎದಿ ಕರಗತೈತಿ.

ಮೈಬೂಬ ಮಷೀನಿನ ಮೇಲೆ ಬಾಗಿ ಓದಿದ. ಅವನ ಕಿವಿ ಕೆಂಪಾದವು.

ಮೈಬೂಬ: 'ಅರ್ಜಿದಾರನು ಬಾಲ್ಯದಿಂದ ರೋಗಿಷ್ಟನಿದ್ದು, ನಾಲ್ಕು ಹೆಜ್ಜೆಗೆ ಏದುಸಿರು ಬಿಡುತ್ತಾನೆ.' ಏನ್ರಿ ಇದು? ಚೀಲ ಎತ್ತೋ ನೌಕರಿ ಐತ್ರಿ ಇದು!

ಚಂದಪ್ಪ: ಎತ್ತೂದು ನೌಕರಿ ಸಿಕ್ಕ ಮ್ಯಾಲ. ಸಿಗೂತನಕ ಕೆಮ್ಮು.

ಮೋದಿನಸಾಬ: ನನ್ನ ಮಗಳು ಅಬಿದಾನ್ನ ಏನು ಮಾಡೀರಿ?

ಚಂದಪ್ಪ: ತಂಗಿ ಕಣ್ಣು ಎರಡೂ ಹೋಗ್ಯಾವ.

ಮೋದಿನಸಾಬ: ಅಕಿ ಕಣ್ಣು? ನಾ ಓಣಿ ತುದಿಗೆ ಬೀಡಿ ಹಚ್ಚಿದ್ರ ಒಲಿ ಮುಂದ ಕುಂತು ನೋಡ್ತಾಳ. ಅದನ್ನ ಯಾರೂ ನಂಬೂದಿಲ್ಲ ಬಿಡ್ರಿ. ಬಾಯಿ ಹೋಗೇತಿ ಅಂತ ಬರೀರಿ, ನನಗೂ ಸಮಾಧಾನ.

ಚಂದಪ್ಪ ಬರೆದ. ಮೋದಿನಸಾಬ ಎಲೆ ಮಡಚಿ ಬಾಯಿಗಿಟ್ಟವನು ತಟ್ಟನೆ ಅಗಿಯುವುದನ್ನು ನಿಲ್ಲಿಸಿದ.

ಮೋದಿನಸಾಬ: ಒಂದು ತೊಡಕೈತ್ರಿ. ಆ ಸೊಸೈಟಿ ಸೆಕ್ರೆಟರಿ ಸಾಹೇಬ್ರು ಮೊನ್ನಿ ಸಂತ್ಯಾಗ ಸಿಕ್ಕಿದ್ರು. ಕೂಡೇ ಚಹಾ ಕುಡದೇವಿ.

ಚಂದಪ್ಪ: ಕುಡದ್ರ ಏನಾತು? ಸಿಡ್ಲು ನಿನ್ನೆ ಬಡದೈತಿ.

ಮೋದಿನಸಾಬ: ಎಷ್ಟು ದಿನ ಸತ್ತಿರಬೇಕ್ರಿ?

ಚಂದಪ್ಪ: ಆರ್ಡರ್ ಬರೂತನಕ. ಸಂತಿಗೆ ಹೋಗಬ್ಯಾಡ್ರಿ, ಬಸ್ಸು ಹತ್ತಬ್ಯಾಡ್ರಿ. ಸೆಕ್ರೆಟರಿ ಎದುರಾದ್ರ ಮೋದಿನಸಾಬನ ತಮ್ಮ ಅನ್ರಿ.

ಮೋದಿನಸಾಬ: ತಮ್ಮ ಅಂದ್ರ ಅಣ್ಣನ ಸಲುವಾಗಿ ಅಳಬೇಕಾಗ್ತೈತಲ್ರಿ?

ಚಂದಪ್ಪ: ನಿಮ್ಮ ಸಲುವಾಗಿ ನೀವು ನಾಕು ಹನಿ ಅತ್ರ ಏನು ಗಂಟು ಹೋಗ್ತೈತಿ?

ಮೈಬೂಬ: ಇದು ಹೋತಂದ್ರ ಮತ್ತ ಗಾಣದ ಕೂಲಿನ ನನಗ! ನಗಿಚಾಟಕಿ ಹಚ್ಚೀರೇನು ಇಬ್ರೂ?

ಯಾರೂ ಕೇಳಿಸಿಕೊಳ್ಳಲಿಲ್ಲ. ಚಂದಪ್ಪ ಕಾಗದವನ್ನು ಮಷೀನಿನಿಂದ ಕಿತ್ತು, ರಣದಲ್ಲಿ ವೈರಿಯ ಕಿರೀಟ ಎತ್ತಿದಂತೆ ಎತ್ತಿ ಹಿಡಿದು ಗಟ್ಟಿಯಾಗಿ ಓದಿದ. ತನ್ನ ಸಾವಿನ ವರ್ಣನೆ ಕೇಳಿ ಮೋದಿನಸಾಬ ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡ.

ಮೋದಿನಸಾಬ: ಎಂಥಾ ಮನಿಷ್ಯಾ ಹೋದ! ಚಂದಪ್ಪಣ್ಣ, ಇದೆಲ್ಲಾ ಖರೇ ಐತಿ ಅಂತ ಕೆಳಗ ಸಾಕ್ಷಿ ಸಹಿ ನಾನ ಹಾಕ್ಲೇನ್ರಿ?

ಇಂಡಿ ಬಸ್ಸಿನ ಹಾರ್ನು ಕೇಳಿಸಿತು. ಮೈಬೂಬ ಕಾಗದ ಕಸಿದುಕೊಂಡವನು ಹೊರಡದೆ ನಿಂತ.

ಮೈಬೂಬ: ಕಾಕಾ, ಖರೇ ಹೇಳ್ರಿ. ಇಷ್ಟು ಮಂದಿ ಅಪ್ಪಗೋಳ್ನ ಕೊಂದೀರಿ. ಒಬ್ಬನ ಮಗಗರ ನೌಕರಿ ಸಿಕ್ಕೈತೇನು?

ಚಂದಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ.

ಚಂದಪ್ಪ: ಇಲ್ಲೋ ತಮ್ಮಾ. ಸಂತಾಪದ ಕಾಗದ ಮಾತ್ರ ಎಲ್ಲಾರಿಗೂ ಬಂದಾವ.